ಮೊದಲ ಪುಸ್ತಕಕ್ಕೆ ಸಹಿ ಹಾಕುವ ಮುನ್ನ

(ಶ್ರೀಮಠದಲ್ಲಿ ನಡೆದ ಹೊಸ ಬರಹಗಾರರ ಕಮ್ಮಟದಲ್ಲಿ ಆಡಿದ ಮಾತುಗಳ ಬರಹರೂಪ)

 

ನಿನ್ನೆಯಿಂದ ಇಲ್ಲಿ ಕಥೆ ಹೇಗೆ ಬರೆಯಬೇಕು, ಆಕರಗಳನ್ನು ಹೇಗೆ ಹುಡುಕಬೇಕು, ಕರಡಚ್ಚು ಹೇಗೆ ತಿದ್ದಬೇಕು ಎಂದು ತಿಳಿದವರು ಹೇಳಿದ್ದಾರೆ. ನನಗೆ ಕೊಟ್ಟ ವಿಷಯ ಸಣ್ಣದು. ಪುಸ್ತಕ ಅಚ್ಚಾಗಿ ಬಂತು, ಓದುಗರೊಬ್ಬರು ಅದನ್ನು ಕೊಂಡು ನಿಮ್ಮ ಮುಂದೆ ಹಿಡಿದು 'ಒಂದು ಸಹಿ ಹಾಕ್ರಿ' ಅಂದರು. ಆಗ ಏನು ಮಾಡಬೇಕು? ಇಷ್ಟೇ ವಿಷಯ. ಇದನ್ನೂ ಕಲಿಸಬೇಕೇ ಎಂದು ಹಿಂದಿನ ಸಾಲಿನಲ್ಲಿ ಕೆಲವರು ನಗುತ್ತಿದ್ದೀರಿ. ನಾನೂ ಹಾಗೆ ನಕ್ಕವನೇ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ ಒಂದು ಹೆಸರು ಬರೆದು ಸಹಿ ಹಾಕಲು ಬರುವುದಿಲ್ಲವೇ ಎಂದುಕೊಂಡಿದ್ದೆ. ಬರುವುದಿಲ್ಲ ಎಂದು ತಿಳಿದದ್ದು ನನ್ನ ಮೊದಲ ಪುಸ್ತಕದ ದಿನ.

ಆ ಪುಸ್ತಕ ನಮ್ಮ ಭಾಗದ ಒಕ್ಕಲುತನದ ಮಾತುಗಳನ್ನು ಕುರಿತದ್ದು. ಬಿತ್ತುವುದು, ಹರಗುವುದು, ರಾಶಿ ಮಾಡುವುದು, ಬೀಜಕ್ಕೆ ಬೂದಿ ಬೆರೆಸಿ ಬೇವಿನ ಎಲೆ ಹಾಕಿ ಕಾಪಿಡುವುದು. ವಿದ್ಯಾರ್ಥಿಗಳನ್ನು ಕರೆದುಕೊಂಡು ಐದಾರು ಊರು ತಿರುಗಿ ಹಿರಿಯ ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡದ್ದು. ಬಿಡುಗಡೆ ಒಂದು ಜಾತ್ರೆಯ ಹೊತ್ತಿಗೆ ಆಯಿತು. ಜನ ಬಹಳ ಬಂದಿದ್ದರು. ನನಗಾಗಿ ಅಲ್ಲ, ಜಾತ್ರೆಗಾಗಿ. ಕಾರ್ಯಕ್ರಮ ಮುಗಿದ ಮೇಲೆ ಒಂದು ಮೇಜು ಹಾಕಿ ನನ್ನನ್ನು ಕೂರಿಸಿದರು. ಹಿಂದೆ ನಿಂತವರು ಶಾಲು ಹೊದಿಸುತ್ತಿದ್ದರು, ಪಕ್ಕದಲ್ಲಿ ಫೋಟೋದವನು 'ಈ ಕಡೆ ನೋಡ್ರಿ ಸರ್' ಅನ್ನುತ್ತಿದ್ದ. ಎದುರಿಗೆ ಪುಸ್ತಕ ಬಂದಂತೆಲ್ಲ ತಲೆ ಎತ್ತದೆ 'ಹೆಸರು?' ಎಂದು ಕೇಳಿ ಬರೆಯುತ್ತಿದ್ದೆ.

ಒಬ್ಬ ಅಜ್ಜಿ ಬಂದರು. ಸೀರೆಯ ಚುಂಗಿನಲ್ಲಿ ಗಂಟು ಕಟ್ಟಿ ತಂದ ದುಡ್ಡು ಬಿಚ್ಚಿ ಕೊಟ್ಟು ಪುಸ್ತಕ ಕೊಂಡಿದ್ದರು. ಹೆಸರು ಹೇಳಿದರು. ಆ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಅದರ ಕೊನೆಗೆ 'ಅವ್ವ' ಇತ್ತು. ನಾನು ಪಟ್ಟಣದ ಕಾಲೇಜಿನ ಮೇಷ್ಟ್ರು, ಹಾಜರಿ ಪುಸ್ತಕದ ರೂಢಿ. ಕೈ ತಾನೇ ತಿದ್ದಿ 'ಅಮ್ಮ' ಎಂದು ಬರೆಯಿತು. ಅಷ್ಟೇ ಅಲ್ಲ, ಅವರು ಒತ್ತಕ್ಷರ ಹಾಕಿ ಹೇಳಿದ್ದನ್ನು ಬಿಡಿಸಿ, ಗ್ರಂಥದ ಕನ್ನಡ ಮಾಡಿ, ಚೆಂದಾಗಿ ಬರೆದು ಕೊಟ್ಟೆ. ಅಜ್ಜಿ ಪುಸ್ತಕ ಹಿಡಿದು ಪಕ್ಕಕ್ಕೆ ನಿಂತು ಆ ಪುಟ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮೇಜಿನ ಅಂಚಿಗೆ ಪುಸ್ತಕ ಇಟ್ಟು, 'ಇದು ನನ್ನ ಹೆಸರಲ್ಲ ಬಿಡ್ರಿ, ಬ್ಯಾರೆ ಯಾರದೋ ಐತಿ' ಎಂದು ಹೊರಟುಹೋದರು.

ನನಗೆ ಅದು ಅರ್ಥವಾಗಲಿಲ್ಲ. ಮರೆತು ಹೋದರೇನೋ, ಯಾರಾದರೂ ಒಯ್ದು ಕೊಡಲಿ ಎಂದು ಮುಂದಿನವರ ಹೆಸರು ಕೇಳಿದೆ. ರಾತ್ರಿ ಲೆಕ್ಕ ಮಾಡುವಾಗ ಆ ಪುಸ್ತಕ ಉಳಿದಿತ್ತು. ಅದೇ ಊರಿನ ಒಬ್ಬ ಹಳೆಯ ವಿದ್ಯಾರ್ಥಿ ಹೇಳಿದ: 'ಸರ್, ಆ ಅವ್ವಗ ಓದಾಕ ಬರೂದಿಲ್ಲ. ಸಾಕ್ಷರತಾ ಆಂದೋಲನದಾಗ ರಾತ್ರಿ ಸಾಲಿಗೆ ಬಂದು ತನ್ನ ಹೆಸರು ಬರೆಯೂದು ಕಲ್ತಾಳ. ಅದಷ್ಟೇ ಬರ್ತೈತಿ ಆಕಿಗೆ. ಬೀಜದ ವಿಷಯ ನಿಮಗ ಹೇಳಿದ್ದು ಅಕೀನ ಅಲ್ಲೇನ್ರಿ?'

ಹೌದು, ಆಕೆಯೇ. ಏಳು ವರ್ಷ ಹಿಂದೆ ಆಕೆಯ ಪಡಸಾಲೆಯಲ್ಲಿ ಕುಳಿತು ಎರಡು ಹಾಳೆ ಬರೆದುಕೊಂಡಿದ್ದೆ. ಪುಸ್ತಕದ ಮುನ್ನುಡಿಯಲ್ಲಿ 'ಮಾಹಿತಿ ನೀಡಿದ ಹಲವು ತಾಯಂದಿರಿಗೆ ಕೃತಜ್ಞತೆಗಳು' ಎಂದು ಒಂದು ಸಾಲು ಬರೆದು ಕೈ ತೊಳೆದುಕೊಂಡಿದ್ದೆ. ಇಡೀ ಪುಸ್ತಕದಲ್ಲಿ ಆಕೆಗೆ ಓದಲು ಬರಬಹುದಾಗಿದ್ದದ್ದು ಒಂದೇ ಒಂದು ಪದ. ಅದನ್ನೂ ನಾನು ತಪ್ಪು ಬರೆದೆ.

ಮುಂದಿನ ವಾರ ಹೊಸ ಪ್ರತಿಯೊಂದನ್ನು ತೆಗೆದುಕೊಂಡು ಆ ಊರಿಗೆ ಹೋದೆ. ಮನೆಗೆ ಬೀಗ. ಹೊಲದಲ್ಲಿ ಕಡಲೆ ಕೀಳುತ್ತಿದ್ದರು. ಕ್ಷಮಿಸಿ ಅನ್ನಲು ನಾಲಿಗೆ ಏಳಲಿಲ್ಲ. ಪುಸ್ತಕ ಮತ್ತು ಪೆನ್ನು ಎರಡನ್ನೂ ಮುಂದೆ ಹಿಡಿದು, 'ಅವ್ವ, ಹೆಸರು ನೀವೇ ಬರೀರಿ' ಅಂದೆ. ಕೈ ಒರೆಸಿಕೊಂಡು ಬದುವಿನ ಮೇಲೆ ಕುಳಿತು ಒಂದೊಂದೇ ಅಕ್ಷರ ಬರೆದರು. ಕಡೆಯ 'ವ್ವ' ಬರೆಯುವಾಗ ಒತ್ತು ಕೆಳಗಿನ ಗೆರೆಯವರೆಗೆ ಇಳಿಯಿತು. ಅದರ ಕೆಳಗೆ ನಾನು ಸಹಿ ಹಾಕಿದೆ. 'ಇದ್ಕ ರೊಕ್ಕ ಕೊಟ್ಟೀನಿ, ಮತ್ತ ಕೇಳಬ್ಯಾಡ್ರಿ' ಎಂದರು. ನಕ್ಕರೋ ಗದರಿಸಿದರೋ ಈಗಲೂ ಗೊತ್ತಿಲ್ಲ.

ಅಂದಿನಿಂದ ನಾನು ಸಹಿಯ ಮೇಜಿನ ಮೇಲೆ ಒಂದು ಕಟ್ಟು ಚೀಟಿ ಇಡುತ್ತೇನೆ. ಹಳೆಯ ಉತ್ತರ ಪತ್ರಿಕೆಯ ಖಾಲಿ ಹಾಳೆ ಕತ್ತರಿಸಿದ್ದು. ಬಂದವರು ಹೆಸರನ್ನು ತಮ್ಮ ಕೈಯಿಂದ ಬರೆದು ಕೊಡಬೇಕು. ಬರೆಯಲು ಬಾರದವರು ಹೇಳಿದರೆ, ನಾನು ಚೀಟಿಯಲ್ಲಿ ಬರೆದು ಓದಿ ಹೇಳಿ, 'ಸರಿಯೇ?' ಎಂದು ಕೇಳಿ, ಆಮೇಲೆ ಪುಸ್ತಕದಲ್ಲಿ ಬರೆಯುತ್ತೇನೆ. ನಿಮಗೆ ನಾನು ಇಂದು ಹೇಳುವ ಮಾತಿನಲ್ಲಿ ಮುಖ್ಯವಾದದ್ದು ಇದೊಂದೇ. ಉಳಿದದ್ದು ಇದಕ್ಕೆ ಹೊಂದಿಕೊಂಡ ಸಣ್ಣಪುಟ್ಟ ಮಾತು. ಜನ ತಮ್ಮ ಹೆಸರನ್ನು ಹೇಗೆ ಕರೆದುಕೊಳ್ಳುತ್ತಾರೋ ಹಾಗೇ ಬರೆಯಿರಿ. 'ಬಸ್ಯಾ' ಅಂದವನಿಗೆ 'ಬಸವರಾಜ' ಎಂದು ಬರೆಯಬೇಕೋ ಎಂದು ಅವನನ್ನೇ ಕೇಳಿ. ಇನ್ನೊಂದು: ಹೆಸರು ಕೇಳಿದ ಮೇಲೆ ಅಡ್ಡಹೆಸರು ಕೇಳಬೇಡಿ. 'ಯಾರ ಪೈಕಿ ಆದ್ರಿ?' ಎಂಬ ಪ್ರಶ್ನೆ ನಮ್ಮ ಬಾಯಿಗೆ ಎಷ್ಟು ಸಲೀಸಾಗಿ ಬರುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಪುಸ್ತಕದ ಮೇಜಿನ ಮೇಲೆ ಅದಕ್ಕೆ ಜಾಗವಿಲ್ಲ.

ಗಂಡಸರು ಬಂದು 'ನಮ್ಮ ಮನೆಯವರಿಗೆ ಅಂತ ಬರೀರಿ' ಅನ್ನುತ್ತಾರೆ. ಪಕ್ಕದಲ್ಲೇ ಆ ತಾಯಿ ನಿಂತಿರುತ್ತಾರೆ. 'ಮನೆಯವರು ಅನ್ನೋ ಹೆಸರಿನವರು ಊರ ತುಂಬ ಇದ್ದಾರೆ, ಇವರ ಹೆಸರೇನು?' ಎಂದು ಆ ತಾಯಿಯನ್ನೇ ಕೇಳಿ. ಇಬ್ಬರಿಗೂ ಒಂದೇ ಪುಸ್ತಕವಾದರೆ ಇಬ್ಬರ ಹೆಸರನ್ನೂ ಬರೆಯಿರಿ.

ಈಗ ಕಾರ್ಯಕ್ರಮದ ಮಾತು. ನಮ್ಮಲ್ಲಿ ಬಿಡುಗಡೆ ಸಮಾರಂಭ ದೊಡ್ಡದು, ಸಹಿ ಹಾಕುವ ಹೊತ್ತು ಸಣ್ಣದು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಬಣ್ಣದ ಕಾಗದ ಬಿಚ್ಚಿ ಪುಸ್ತಕ ಎತ್ತಿ ಹಿಡಿಯುವುದು, ಕೃತಿ ಪರಿಚಯ, ಅತಿಥಿಗಳ ಮಾತು, ಮತ್ತೊಬ್ಬ ಅತಿಥಿಯ ಮಾತು, ಸನ್ಮಾನ, ಅಧ್ಯಕ್ಷರ ನುಡಿ, ಆಶೀರ್ವಚನ, ವಂದನಾರ್ಪಣೆ. ವಂದನಾರ್ಪಣೆಯ ಅರ್ಧಕ್ಕೇ ಜನ ಏಳುತ್ತಾರೆ, ಏಕೆಂದರೆ ಪ್ರಸಾದದ ಪರಿಮಳ ಬಂದಿರುತ್ತದೆ. ಮೂರು ಗಂಟೆ ನಿಮ್ಮ ಪುಸ್ತಕದ ಬಗ್ಗೆ ಮಾತಾಡಿ ಎರಡು ಪ್ರತಿ ಮಾರಿದ ಸಮಾರಂಭಗಳನ್ನು ನಾನು ನೋಡಿದ್ದೇನೆ. ವೇದಿಕೆಯ ಮೇಲಿನವರ ಸಂಖ್ಯೆಯನ್ನು ಕಡಿಮೆ ಮಾಡಿ. ಆಮಂತ್ರಣ ಪತ್ರಿಕೆಯಲ್ಲಿ 'ಹಾರ ತುರಾಯಿ ಬೇಡ, ಪುಸ್ತಕ ಕೊಳ್ಳಿ' ಎಂದು ಅಚ್ಚು ಹಾಕಿಸಿ, ಯಾರಿಗೂ ಬೇಸರವಾಗುವುದಿಲ್ಲ. ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮುಂಚೆಯೇ ಮೇಜಿನ ಹತ್ತಿರ ಇರಿ. ಬೇಗ ಬರುವವರು ವಯಸ್ಸಾದವರು, ಬಸ್ಸಿಗೆ ಬಂದವರು. ಕೊನೆಯವರೆಗೆ ನಿಲ್ಲಲು ಅವರಿಗೆ ಆಗುವುದಿಲ್ಲ.

ಮೇಜು ಎಲ್ಲಿರಬೇಕು? ಚಪ್ಪಲಿ ಬಿಡುವ ಜಾಗದ ಹತ್ತಿರ. ನಗಬೇಡಿ, ಅನುಭವದಿಂದ ಹೇಳುತ್ತಿದ್ದೇನೆ. ಪ್ರಸಾದ ನಿಲಯದ ಬಾಗಿಲಲ್ಲಿ ಇಟ್ಟರೆ ಒಳಗೆ ಹೋಗುವವರಿಗೆ ಹಸಿವೆ, ಹೊರಗೆ ಬರುವವರ ಕೈ ಒದ್ದೆ. ವೇದಿಕೆಯ ಪಕ್ಕಕ್ಕೆ ಇಟ್ಟರೆ ಸಂಕೋಚದವರು ಅಷ್ಟು ದೂರ ನಡೆದು ಬರುವುದಿಲ್ಲ. ಚಪ್ಪಲಿ ಹುಡುಕುವವನು ಒಂದು ಗಳಿಗೆ ನಿಲ್ಲಲೇಬೇಕು, ಅಲ್ಲಿ ಪುಸ್ತಕ ಕಂಡರೆ ಕೈಗೆತ್ತಿಕೊಳ್ಳುತ್ತಾನೆ.

ಎರಡು ಪೆನ್ನು ಇಟ್ಟುಕೊಳ್ಳಿ. ಪುಸ್ತಕದ ಮೊದಲ ಹಾಳೆ ನುಣುಪಾದ ಆರ್ಟ್ ಪೇಪರ್ ಆಗಿದ್ದರೆ ಜೆಲ್ ಪೆನ್ನಿನ ಶಾಯಿ ಒಣಗುವುದಿಲ್ಲ, ಪುಸ್ತಕ ಮುಚ್ಚಿದ ಕೂಡಲೇ ಎದುರಿನ ಪುಟಕ್ಕೆ ನಿಮ್ಮ ಸಹಿ ತಿರುಗುಮುರುಗಾಗಿ ಅಂಟುತ್ತದೆ. ಹಾಳಾದ ಒಂದು ಪ್ರತಿಯಲ್ಲಿ ಹಿಂದಿನ ದಿನವೇ ಬರೆದು ನೋಡಿ. ಮುಖಪುಟದ ಮೇಲೆ ಸಹಿ ಬೇಡ. ಪುಸ್ತಕದ ಹೆಸರಷ್ಟೇ ಇರುವ ಒಳಪುಟ ಇರುತ್ತದಲ್ಲ, ಅಲ್ಲಿ ಹಾಕಿ. ಹೆಸರು, ಊರು, ದಿನಾಂಕ, ಸಹಿ. ಹಿರಿಯರಿಗೆ 'ಗೌರವದಿಂದ', ಮಕ್ಕಳಿಗೆ 'ಪ್ರೀತಿಯಿಂದ'. ಸಾಲುಗಟ್ಟಲೆ ಉಪದೇಶ ಬರೆಯಬೇಡಿ, ಉಪದೇಶ ಒಳಗೆ ಇನ್ನೂರು ಪುಟ ಇದೆ. ಸಹಿ ಕನ್ನಡದಲ್ಲಿರಲಿ, ಓದಲು ಬರುವಂತಿರಲಿ. ಮತ್ತೊಂದು ಎಚ್ಚರ: ಬ್ಯಾಂಕಿನ ಚೆಕ್ಕಿಗೆ ಹಾಕುವ ಸಹಿಯನ್ನೇ ಊರ ತುಂಬ ಪುಸ್ತಕಗಳಲ್ಲಿ ಹಂಚಬೇಡಿ. ಪುಸ್ತಕದ ಸಹಿಯೇ ಬೇರೆ ಮಾಡಿಕೊಳ್ಳಿ.

ಸಹಿ ಅಂದಾಗ ನನಗೆ ಅಂಕಿತದ ನೆನಪಾಗುತ್ತದೆ. ನಮ್ಮ ವಚನಕಾರರ ರಚನೆಗಳನ್ನು ಇಂದು ನಾವು ಗುರುತಿಸುವುದು ಅಂಕಿತದಿಂದ. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮಪ್ರಭುಗಳದು ಗುಹೇಶ್ವರ, ಅಕ್ಕನದು ಚೆನ್ನಮಲ್ಲಿಕಾರ್ಜುನ. ಬರೆದವರು ತಮ್ಮ ಹೆಸರನ್ನು ಹಾಕಿಕೊಳ್ಳಲಿಲ್ಲ. ಆಯ್ದಕ್ಕಿ ಲಕ್ಕಮ್ಮನ ಅಂಕಿತದಲ್ಲಿ ಗಂಡನ ಹೆಸರಿದೆ, ದೇವರ ಹೆಸರಿದೆ, ತನ್ನದಿಲ್ಲ. ನಾವು ಅಷ್ಟು ದೊಡ್ಡವರಲ್ಲ, ಹೆಸರು ಹಾಕಿಕೊಳ್ಳೋಣ. ಆದರೆ ಆ ಪುಟದಲ್ಲಿ ಓದುಗರ ಹೆಸರು ಮೇಲೆ, ನಮ್ಮದು ಕೆಳಗೆ ಇರಲಿ. ಅಕ್ಷರದ ಗಾತ್ರವೂ ಅವರದೇ ದೊಡ್ಡದಿರಲಿ.

ಲಕ್ಕಮ್ಮನ ಮಾತು ಬಂತು, ಪ್ರತಿಗಳ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆ ತಾಯಿ ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರಲು ಕಳಿಸಿದಳು. ನಾವು ಸಾವಿರ ಪ್ರತಿ ಅಚ್ಚು ಹಾಕಿಸಿ ಎಂಟು ನೂರು ಮಂಚದ ಕೆಳಗೆ ಇಟ್ಟುಕೊಳ್ಳುತ್ತೇವೆ. ಗೆದ್ದಲು ನಮ್ಮ ಮೊದಲ ಓದುಗ. ಈಗ ಇನ್ನೂರು, ಮುನ್ನೂರು ಪ್ರತಿ ಮುದ್ರಿಸಿಕೊಡುವ ಯಂತ್ರಗಳು ಬಂದಿವೆ. ಪ್ರತಿಯೊಂದಕ್ಕೆ ಖರ್ಚು ಸ್ವಲ್ಪ ಹೆಚ್ಚು ಬಿದ್ದರೂ ಬೇಕಾದಷ್ಟೇ ಹಾಕಿಸಿ, ಮುಗಿದರೆ ಮತ್ತೆ ಹಾಕಿಸಿ. ಪ್ರಕಾಶಕರು ಹಾಕುವುದಾದರೆ ನಿಮಗೆ ಎಷ್ಟು ಪ್ರತಿ ಉಚಿತ, ಮೇಲೆ ಬೇಕಾದರೆ ಯಾವ ರಿಯಾಯಿತಿಗೆ, ಬಿಡುಗಡೆಯ ದಿನ ಮಾರಿದ ಹಣ ಯಾರಿಗೆ ಎಂಬುದನ್ನು ಬಾಯಿಮಾತಿಗೆ ಬಿಡದೆ ಕಾಗದದ ಮೇಲೆ ಬರೆಸಿಕೊಳ್ಳಿ. ಸ್ನೇಹ ಕೆಡುವುದು ಇಂಥಲ್ಲೇ.

ಹಣವನ್ನು ನೀವು ಮುಟ್ಟಬೇಡಿ. ಸಹಿ ಮಾಡುವ ಕೈ ಬೇರೆ, ಚಿಲ್ಲರೆ ಎಣಿಸುವ ಕೈ ಬೇರೆ ಇರಲಿ. ಮನೆಯ ಹುಡುಗನನ್ನೋ ಹುಡುಗಿಯನ್ನೋ ಕೂರಿಸಿ. ಫೋನಿನಿಂದ ಹಣ ಹಾಕುವವರಿಗೆ ಕ್ಯೂಆರ್ ಕೋಡ್ ಅಚ್ಚು ಹಾಕಿಸಿ ಅಂಟಿಸಿ. ಆದರೂ ಹತ್ತು, ಇಪ್ಪತ್ತರ ನೋಟು ಇಟ್ಟುಕೊಂಡಿರಿ. ಚುಂಗಿನ ಗಂಟಿನಲ್ಲಿ ದುಡ್ಡು ತರುವವರು ಇನ್ನೂ ಇದ್ದಾರೆ.

ಗೌರವ ಪ್ರತಿ ಎಂಬುದು ನಮ್ಮಲ್ಲಿ ಒಂದು ರೋಗ. ಬೀಗರು, ಗೆಳೆಯರು, ಸಹೋದ್ಯೋಗಿಗಳು 'ನಮಗೊಂದು ಪ್ರತಿ ಇಡ್ರಿ' ಅನ್ನುತ್ತಾರೆ. ಕೊಂಡುಕೊಳ್ಳಿ ಎಂದು ಹೇಳಲು ನಮಗೆ ನಾಚಿಕೆ. ಗಳಗನಾಥರು ಕಾದಂಬರಿ ಬರೆದು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಫ.ಗು. ಹಳಕಟ್ಟಿಯವರು ವಕೀಲರು. ತಾಡವೋಲೆ ಕಟ್ಟುಗಳನ್ನು ಹುಡುಕಿ, 1923ರಲ್ಲಿ 'ವಚನ ಶಾಸ್ತ್ರ ಸಾರ' ಹೊರತಂದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು, ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನು ಮಾರಿದರು. ಅಂಥವರ ನಾಡಿನಲ್ಲಿ ಬರೆಯುವ ನಮಗೆ ನೂರೈವತ್ತು ರೂಪಾಯಿ ಕೇಳಲು ನಾಚಿಕೆ ಏಕೆ? ಇದು ಕಾಯಕದ ಫಲ, ಭಿಕ್ಷೆಯಲ್ಲ. ಉಚಿತವಾಗಿ ಕೊಡಬೇಕಾದವರು ಬೇರೆ ಇದ್ದಾರೆ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಅದನ್ನೀಗ ಅರಿವು ಕೇಂದ್ರ ಅನ್ನುತ್ತಾರೆ, ಒಂದು ಕೊಡಿ. ನೀವು ಕಲಿತ ಶಾಲೆಗೆ ಒಂದು. ನಿಮಗೆ ವಿಷಯ ಹೇಳಿದವರಿಗೆ ಒಂದೊಂದು, ಅದೂ ಅವರ ಮನೆಗೆ ನೀವೇ ಹೋಗಿ. ಇದನ್ನು ಬಿಡುಗಡೆಗೆ ಮುಂಚೆಯೇ ಮಾಡಿ ಮುಗಿಸಿ. ನಾನು ಮಾಡಿದ್ದರೆ ಆ ಅಜ್ಜಿ ಜಾತ್ರೆಯಲ್ಲಿ ಸರದಿಯಲ್ಲಿ ನಿಲ್ಲುತ್ತಿರಲಿಲ್ಲ.

ಯಾರೂ ಬಾರದ ದಿನವೂ ಬರುತ್ತದೆ. ಎರಡನೆಯ ಪುಸ್ತಕದ ಹೊತ್ತಿಗೆ ಒಂದು ಪೇಟೆಯ ಪುಸ್ತಕದಂಗಡಿಯಲ್ಲಿ ಸಂಜೆ ನಾಲ್ಕರಿಂದ ಏಳರವರೆಗೆ ಕುಳಿತೆ. ಮಾರಿದ್ದು ನಾಲ್ಕು ಪ್ರತಿ, ಅದರಲ್ಲಿ ಒಂದನ್ನು ಕೊಂಡದ್ದು ನನ್ನನ್ನು ಕರೆತಂದ ಆಟೋದವರು. ಅಂಥ ಹೊತ್ತಿನಲ್ಲಿ ಫೋನು ತೀಡುತ್ತಾ ಕೂರಬೇಡಿ, ಮುಖ ಕಪ್ಪಿಡಬೇಡಿ. ಅಂಗಡಿಯ ಹುಡುಗರ ಜೊತೆ ಮಾತಾಡಿ. ನಿಮ್ಮ ಪುಸ್ತಕ ಯಾವುದರ ಬಗ್ಗೆ ಎಂದು ಎರಡು ಮಾತಿನಲ್ಲಿ ಹೇಳಿ. 'ಒಕ್ಕಲುತನದ್ದು ಏನಾದ್ರೂ ಐತೇನ್ರಿ?' ಎಂದು ಯಾರಾದರೂ ಕೇಳಿದರೆ ಎತ್ತಿ ಕೊಡುವವರು ಅವರೇ. ಉಳಿದ ಪ್ರತಿಗಳಿಗೆಲ್ಲ ಸಹಿ ಹಾಕಿಬಿಡುವ ಆಸೆ ಬರುತ್ತದೆ. ಮಾಲೀಕರನ್ನು ಕೇಳದೆ ಹಾಕಬೇಡಿ. ಮಾರದ ಪ್ರತಿ ಪ್ರಕಾಶಕರಿಗೆ ಹಿಂದಿರುಗಬೇಕಾಗಿರಬಹುದು.

ತಪ್ಪು ತೋರಿಸುವವರೂ ಬರುತ್ತಾರೆ. ಹಿಂಗಾರಿ ಜೋಳವನ್ನು ರೋಹಿಣಿ ಮಳೆಗೆ ಬಿತ್ತುತ್ತಾರೆ ಎಂದು ನನ್ನ ಪುಸ್ತಕದಲ್ಲಿ ಅಚ್ಚಾಗಿತ್ತು. ಒಬ್ಬ ರೈತರು ಸರದಿಯಲ್ಲಿ ನಿಂತು ಬಂದು, ಸಹಿಗೆ ಪುಸ್ತಕ ಚಾಚದೆ, ಆ ಪುಟವನ್ನೇ ಬಿಚ್ಚಿ ಹಿಡಿದರು. 'ಉತ್ತರಿ, ಹಸ್ತದಾಗ ಬಿತ್ತೂದನ್ನ ರೋಹಿಣಿಗೆ ಬಿತ್ತಿಸೀರಲ್ರೀ ಮಾಸ್ತರ್' ಅಂದರು. ಹಿಂದಿನವರೆಲ್ಲ ನಕ್ಕರು. ನನಗೆ ಸಿಟ್ಟು ಬಂತು, ಮುದ್ರಣ ದೋಷ ಎಂದು ಸುಳ್ಳು ಹೇಳಿದೆ. ದೋಷ ನನ್ನದೇ. ನೀವು ಹಾಗೆ ಮಾಡದೆ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಡಿ, ಅವರ ಎದುರಿಗೇ ಬರೆದುಕೊಳ್ಳಿ. ಎರಡನೆಯ ಮುದ್ರಣದಲ್ಲಿ ಆ ಮಾತನ್ನು ತಿದ್ದಿದೆ. ಮುನ್ನುಡಿಯ 'ಹಲವು ತಾಯಂದಿರು' ಎಂಬ ಸಾಲನ್ನು ತೆಗೆದು, ಇಪ್ಪತ್ಮೂರು ಹೆಸರು ಹಾಕಿದೆ. ಪ್ರತಿಯೊಂದನ್ನೂ ಅವರವರ ಮನೆಗೆ ಹೋಗಿ ಚೀಟಿಯಲ್ಲಿ ಬರೆಸಿಕೊಂಡು ಬಂದೆ. ಇಬ್ಬರು ಅಷ್ಟರಲ್ಲಿ ಲಿಂಗೈಕ್ಯರಾಗಿದ್ದರು. ಅವರ ಹೆಸರನ್ನು ಮೊಮ್ಮಕ್ಕಳು ಬರೆದುಕೊಟ್ಟರು. ಕರಡು ತಿದ್ದುವವರು 'ಅವ್ವ'ಗಳನ್ನೆಲ್ಲ 'ಅಮ್ಮ' ಮಾಡಿದ್ದರು. ಮತ್ತೆ ಕುಳಿತು ತಿದ್ದಿಸಿದೆ.

ಪ್ರಸಾದದ ಹೊತ್ತಾಗಿದೆ, ಶ್ರೀಗಳು ಗಡಿಯಾರ ನೋಡುತ್ತಿದ್ದಾರೆ. ಈ ಕಮ್ಮಟದಲ್ಲಿ ಕೆಲವರ ಪುಸ್ತಕ ಈಗಾಗಲೇ ಅಚ್ಚಿಗೆ ಹೋಗಿದೆ ಎಂದು ಕೇಳಿದೆ. ಬಿಡುಗಡೆಯ ದಿನ ಗೊತ್ತಾದಾಗ ನನಗೊಂದು ಕಾಗದ ಹಾಕಿ, ಬಸ್ಸು ಇರುವ ಊರಾದರೆ ಬರುತ್ತೇನೆ. ಗೌರವ ಪ್ರತಿ ಎತ್ತಿಡಬೇಡಿ, ದುಡ್ಡು ಕೊಟ್ಟೇ ಕೊಳ್ಳುತ್ತೇನೆ. ಸರದಿಯಲ್ಲಿ ನಿಂತು ಚೀಟಿಯಲ್ಲಿ ಹೆಸರು ಬರೆದು ಕೊಡುತ್ತೇನೆ, ಅದನ್ನು ನೋಡಿ ಬರೆಯಿರಿ.